ಮೂರನೇ ತೊಟ್ಟಿಯ ವಾಕ್ಯ

ಒನೊಮಿಚಿ, ೧೮ ಏಪ್ರಿಲ್ ೧೯೯೬

ಕಿತಾಜುಮೆ ಮೇಷ್ಟ್ರಿಗೆ,

ದೇವಸ್ಥಾನದ ಮೆಟ್ಟಿಲ ತುಂಬ ಚೆರ್ರಿ ಹೂ ಉದುರಿ, ಗುಡಿಸುವವರಿಗೆ ಸಾಕುಸಾಕಾಗಿದೆ. ಪತ್ರ ಹೂವಿನಿಂದಲೇ ಶುರುವಾಗಬೇಕು ಎನ್ನುವುದು ನಮ್ಮವರ ಪದ್ಧತಿ. ಅದು ಮುಗಿಯಿತು, ಇನ್ನು ವಿಷಯಕ್ಕೆ ಬರುತ್ತೇನೆ.

ನಿನ್ನೆ ಬುಧವಾರ. ನಮ್ಮ ಕಾಮೆ-ಯು ಸಾರ್ವಜನಿಕ ಸ್ನಾನದ ಮನೆಗೆ ರಜೆ, ನಮಗೆ ಇಂಗ್ಲಿಷ್ ಪಾಠ. ಮೇಷ್ಟ್ರು ಊರು ಬಿಟ್ಟರು ಎಂದು ಪಾಠ ಬಿಡುವುದುಂಟೆ? ಕ್ಷೌರದ ಅಂಗಡಿಯ ಶಿಮೊಮುರಾ, ದೋಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದ ಓಕಾಜಿ, ನಾನು, ಮೂವರೂ ಎಂದಿನಂತೆ ಗಂಡಸರ ಕಡೆಯ ಖಾಲಿ ತೊಟ್ಟಿಗಳ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆವು. ಹೆಂಗಸರ ಕಡೆ ಸೂರು ಇನ್ನೂ ಸೋರುತ್ತಿದೆ. ನೀವು ಕನ್ನಡಿಯ ಮೇಲೆ ಸೋಪಿನಿಂದ ಬರೆದುಹೋದ ಅಕ್ಷರಗಳನ್ನು ನಾನು ಒರೆಸಿಲ್ಲ. ಆವಿಗೆ ತಾವಾಗಿಯೇ ಮಾಸುತ್ತಿವೆ.

ಪಾಠ ಹೇಗೆ ಶುರುವಾಯಿತು ನೆನಪಿದೆಯೇ? ಬೆನ್ನ ಮೇಲೆ ಮೂಟೆ ಹೊತ್ತು ಬರುವ ಪರದೇಶದ ಹುಡುಗರು ಮೈಯೆಲ್ಲ ಸೋಪಿನ ನೊರೆ ಮಾಡಿಕೊಂಡೇ ತೊಟ್ಟಿಗೆ ಇಳಿಯುತ್ತಿದ್ದರು. ನಿವೃತ್ತ ಇಂಗ್ಲಿಷ್ ಮೇಷ್ಟ್ರು ದಿನಾ ಸ್ನಾನಕ್ಕೆ ಬರುತ್ತಾರಲ್ಲ ಎಂದು ನಿಮ್ಮನ್ನು ಹಿಡಿದೆ. "ಮೇಷ್ಟ್ರೇ, ಸೋಪು ಹಚ್ಕೊಂಡು ಇಳಿದ್ರೆ ಆಚೆ ಹಾಕ್ತೀನಿ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?" ತಲೆಯ ಮೇಲೆ ಒದ್ದೆ ಟವೆಲ್ ಇಟ್ಟುಕೊಂಡು ನೀವು ಹೇಳಿದಿರಿ: "ಅದಕ್ಕೆ ವ್ಯಾಕರಣ ಯಾಕಮ್ಮ, ಪೊರಕೆ ಸಾಲ್ದೆ?" ಆದರೂ ಕಲಿಸಿದಿರಿ. ಆ ಒಂದು ‘ಇಫ್’ ವಾಕ್ಯದಿಂದ ನಾಲ್ಕು ವರ್ಷದ ಬುಧವಾರಗಳು ಹುಟ್ಟಿಕೊಂಡವು.

ಮೂರು ಬಗೆಯ ‘ಇಫ್’ ವಾಕ್ಯಕ್ಕೆ ನಮ್ಮ ಮೂರು ತೊಟ್ಟಿಗಳನ್ನೇ ಗುರುತು ಮಾಡಿಕೊಟ್ಟಿರಿ. ಬಿಸಿನೀರಿನ ತೊಟ್ಟಿ ಎಂದರೆ ಆಗುವಂಥ ಮಾತು. ಉಗುರುಬೆಚ್ಚಗಿನದು ಎಂದರೆ ಆಗುವುದಿಲ್ಲ, ಸುಮ್ಮನೆ ಅಂದುಕೊಳ್ಳುವ ಮಾತು. ಶಿಮೊಮುರಾಗೆ ಇವತ್ತಿಗೂ ಈ ಎರಡನೆಯದು ಹತ್ತಿಲ್ಲ. "ನಾನು ಹಕ್ಕಿಯಾಗಿದ್ದರೆ" ಅನ್ನು ಎಂದರೆ, "ನಾನು ಕ್ಷೌರದವ್ನು ಕಣ್ರೀ, ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾನೆ. ಇನ್ನು ತಣ್ಣೀರಿನ ಮೂರನೇ ತೊಟ್ಟಿ: ಆಗಬೇಕಿತ್ತು, ಆಗಲಿಲ್ಲ. ಅದರಲ್ಲಿ ಓಕಾಜಿ ತನ್ನ ತೀರಿಕೊಂಡ ಹೆಂಡತಿಯ ಬಗ್ಗೆ ಒಂದು ವಾಕ್ಯ ಹೇಳಿ ಎಲ್ಲರನ್ನೂ ಅಳಿಸಿದ ಮೇಲೆ ನೀವು ಆ ಪಾಠವನ್ನು ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಊರು ಬಿಟ್ಟಿರಿ.

ಹಾಂ, ಮರೆತೆ. ನಿಮ್ಮ ಚಪ್ಪಲಿ ಪೆಟ್ಟಿಗೆಯ ಮರದ ಕೀಲಿ ನಿಮ್ಮ ಜೇಬಿನಲ್ಲೇ ಒತಾರುವಿಗೆ ಹೋಗಿದೆ! ನಿಮ್ಮ ಮರದ ಚಪ್ಪಲಿ ಒಳಗೇ ಬಂದಿ. ನನಗೆ ಒಂದು ಪೆಟ್ಟಿಗೆ ಕಡಿಮೆ ಬಿದ್ದಿದೆ. ಕಳ್ಳ ಮೇಷ್ಟ್ರು ನೀವು.

ತಿದ್ದಲು ಒಂದು ವಾಕ್ಯ ಇಂಗ್ಲಿಷಿನಲ್ಲಿ ಬರೆದು ಇಟ್ಟಿದ್ದೇನೆ: "ನೀವು ವಾಪಸು ಬಂದರೆ ನಾನು ನೀರು ಕಾಯಿಸುತ್ತೇನೆ."

ಕುವಾದಾ ಹಿಸಾನೊ

*

ಒತಾರು, ೯ ಮೇ ೧೯೯೬

ಹಿಸಾನೊ ಅವರಿಗೆ,

ಇಲ್ಲಿ ಉತ್ತರದ ಚಳಿಯಲ್ಲಿ ಚೆರ್ರಿ ಈಗ ಅರಳಿದೆಯಂತೆ, ಅಕ್ಕ ಹೇಳಿದಳು. ಒಂದೇ ವರ್ಷದಲ್ಲಿ ಎರಡು ವಸಂತ, ನನ್ನ ವಯಸ್ಸಿನವನಿಗೆ ಲಾಭವೇ.

ನಿಮ್ಮ ಪತ್ರವನ್ನು ಅಕ್ಕ ಇಸೊ ಗಟ್ಟಿಯಾಗಿ ಓದಿದಳು. ನನ್ನ ಪತ್ರ ನನಗೇ ಕೊಡುವುದಿಲ್ಲ, ಮನೆಯಲ್ಲಿ ಎಲ್ಲವನ್ನೂ ಅವಳೇ ಓದಬೇಕು. ತಾಯಿ ಹೋದ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು, ಈಗ ಎದ್ದು ಓಡಾಡಲಾರಳು, ಆದರೆ ಬಾಯಿಗೆ ಬೀಗ ಬಿದ್ದಿಲ್ಲ. "ಕಳ್ಳ ಮೇಷ್ಟ್ರು" ಎನ್ನುವಲ್ಲಿ ಕೆಮ್ಮು ಬರುವಷ್ಟು ನಕ್ಕಳು. "ಯಾರೋ ಇವ್ಳು, ನಿನ್ನ ಸರಿಯಾಗೇ ಗುರುತು ಹಿಡ್ದಿದ್ದಾಳೆ!"

ನಿಮ್ಮ ವಾಕ್ಯವನ್ನು ಕೆಂಪಿನಲ್ಲಿ ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ಅದಕ್ಕೆಂದೇ ಅಕ್ಕ ಒಂದೇ ಬಗೆಯ ಎರಡು ಪೆನ್ನು ತರಿಸಿಕೊಟ್ಟಿದ್ದಾಳೆ, ಒಂದು ಕಪ್ಪು, ಒಂದು ಕೆಂಪು. ‘ವಿಲ್’ ಅನ್ನು ನೀವು ಮತ್ತೆ ಎರಡೂ ಕಡೆ ಹಾಕಿದ್ದೀರಿ. ಒಂದೇ ಕಡೆ ಸಾಕು ಎಂದು ಎಷ್ಟು ಸಲ ಹೇಳಿದ್ದೇನೆ! ನೀವೆಲ್ಲ ತಕ್ಕಡಿ ಸಮ ಇರಲಿ ಎಂದು ಎರಡೂ ತಟ್ಟೆಗೆ ಒಂದೊಂದು ಇಡುತ್ತೀರಿ. ಉಳಿದಂತೆ ವಾಕ್ಯ ಚೆನ್ನಾಗಿದೆ.

ಇಲ್ಲಿನ ಮನೆಯ ತೊಟ್ಟಿ ಹೇಗಿದೆಯೆಂದರೆ, ಮಂಡಿ ಮುಳುಗಿದರೆ ಹೊಟ್ಟೆ ಮೇಲೆ, ಹೊಟ್ಟೆ ಮುಳುಗಿದರೆ ಮಂಡಿ ಮೇಲೆ. ಮಿಂದ ಮೇಲೆ ಶಿಮೊಮುರಾ ಸೊಂಟದ ಮೇಲೆ ಕೈಯಿಟ್ಟು ಒಂದೇ ಗುಟುಕಿಗೆ ಹಾಲಿನ ಬಾಟಲಿ ಖಾಲಿ ಮಾಡುತ್ತಿದ್ದನಲ್ಲ, ಅದು ನೆನಪಾಗುತ್ತದೆ. ನೀವು ಪತ್ರದ ಜೊತೆ ಕಳಿಸಿದ ಹಸ್ಸಾಕು ಕಿತ್ತಳೆಗೆ ಪ್ರತಿಯಾಗಿ ಒಣಗಿದ ಸ್ಕ್ವಿಡ್ ಮೀನು ಕಳಿಸಿದ್ದೇನೆ. ಹಲ್ಲು ಗಟ್ಟಿಯಿದ್ದವರು ತಿನ್ನಿ.

ಕಿತಾಜುಮೆ

*

ಒನೊಮಿಚಿ, ೩ ಆಗಸ್ಟ್ ೧೯೯೬

ಮೇಷ್ಟ್ರಿಗೆ,

ಬೆಕ್ಕುಗಳು ಕೂಡ ನೆರಳು ಬಿಟ್ಟು ಕದಲುತ್ತಿಲ್ಲ, ಅಷ್ಟು ಸೆಕೆ. ಸ್ಕ್ವಿಡ್ ತಿನ್ನಲು ಹೋಗಿ ಓಕಾಜಿಯ ಕಟ್ಟಿಸಿದ ಹಲ್ಲು ಕೈಗೆ ಬಂತು. "ಮೇಷ್ಟ್ರು ಪರೀಕ್ಷೇಲಿ ಫೇಲ್ ಮಾಡೋದು ಸಾಲ್ದು ಅಂತ ಹಲ್ಲಿಗೂ ಕೈ ಹಾಕಿದ್ರಾ" ಎಂದು ಗೊಣಗಿದ.

ನಾನು ಬರೆದದ್ದು ‘ವಿಲ್’ ಬಗ್ಗೆ ಅಲ್ಲ. ಇರಲಿ ಬಿಡಿ.

ಹೊಗೆಕೊಳವೆ ಕೆಮ್ಮುತ್ತಿದೆ, ಅದಕ್ಕೂ ವಯಸ್ಸಾಯಿತು. ಗಿರಾಕಿಗಳೂ ಈಗ ತಮ್ಮ ತಮ್ಮ ಮನೆಯಲ್ಲೇ ಮೀಯುತ್ತಾರೆ. ಸಂಜೆ ಎರಡೂ ಕಡೆ ಕಾಣುವ ಹಣದ ಕಟ್ಟೆಯ ಮೇಲೆ ಕೂತರೆ ಗಂಡಸರ ಕಡೆ ಇಬ್ಬರು, ಹೆಂಗಸರ ಕಡೆ ಒಬ್ಬಳು. ಮೊದಲಾದರೆ ಗೋಡೆಯ ಆಚೆಯಿಂದ ಗಂಡ "ಮುಗೀತೇನೇ?" ಎಂದು ಕೂಗುವುದು, ಈಚೆಯಿಂದ ಹೆಂಡತಿ "ಇನ್ನೂ ತಲೆ ತೊಳೀಬೇಕು, ಹೋಗಿ ಅನ್ನಕ್ಕಿಡಿ" ಎನ್ನುವುದು. ಆ ಗಲಾಟೆಗೆ ನನಗೆ ತಲೆನೋವು ಬರುತ್ತಿತ್ತು. ಈಗ ಆ ತಲೆನೋವೇ ಬೇಕು ಅನ್ನಿಸುತ್ತದೆ.

ನಿಮ್ಮ ಪೆಟ್ಟಿಗೆಯಿಂದಾಗಿ ಮೊನ್ನೆ ಒಬ್ಬ ಗಿರಾಕಿ ಜಗಳ ತೆಗೆದ. ಮೂರು ಜನಕ್ಕೆ ನೂರು ಪೆಟ್ಟಿಗೆ ಇದ್ದರೂ ಅವನಿಗೆ ಅದೇ ಬೇಕಂತೆ. ಕೀಲಿ ಕದ್ದವರು ಯಾರು ಎಂದು ಪೊಲೀಸರಿಗೆ ಹೇಳಲೇ?

ಈ ಸಲದ್ದು ಎರಡನೇ ತೊಟ್ಟಿಯ ವಾಕ್ಯ, ಸುಮ್ಮನೆ ಅಂದುಕೊಂಡದ್ದು: "ಯಾರಾದರೂ ಕಾರು ನಿಲ್ಲಿಸುವುದಕ್ಕೆಂದು ಕಾಮೆ-ಯುವಿನ ಜಾಗ ಕೊಂಡುಬಿಟ್ಟರೆ, ನಾನು ಬುಧವಾರ ಎಲ್ಲಿಗೆ ಹೋಗಲಿ?" ತಿದ್ದಿ ಕಳಿಸಿ. ಬೇಗ ಕಳಿಸಿ.

ಹಿಸಾನೊ

*

ಒತಾರು, ೨೦ ಸೆಪ್ಟೆಂಬರ್ ೧೯೯೬

ಹಿಸಾನೊ ಅವರಿಗೆ,

ತಡವಾಯಿತು. ಅಕ್ಕನಿಗೆ ಜ್ವರ ಬಂದಿತ್ತು, ಪತ್ರ ಓದಲು ಅವಳು ಎದ್ದು ಕೂರುವವರೆಗೆ ಕಾದೆ.

ಶಹಬ್ಬಾಸ್! ಎರಡನೇ ತೊಟ್ಟಿಯಲ್ಲಿ ಕೊನೆಗೂ ಈಜು ಕಲಿತಿರಿ. ಒಂದು ಕ್ರಿಯಾಪದ ಬಿಟ್ಟರೆ ತಪ್ಪೇ ಇಲ್ಲ. ಎಂಥ ಕಲ್ಪನೆ! ಕಾಮೆ-ಯುವಿನ ಜಾಗದಲ್ಲಿ ಕಾರುಗಳಂತೆ! ಶಿಮೊಮುರಾಗೆ ಇದನ್ನು ತೋರಿಸಿ ಹೇಳಿ: ಇಲ್ಲದ್ದನ್ನು ಹೇಳಬೇಕಾದರೆ ಹೀಗೆ ಹೇಳಬೇಕು, ಹಕ್ಕಿಯೇ ಆಗಬೇಕೆಂದಿಲ್ಲ.

ಅಕ್ಕ ಕೇಳಿದಳು, "ಈ ಸ್ನಾನದಮ್ಮ ನಿನಗೇನಾಗಬೇಕೋ?" ಶಿಷ್ಯೆ ಎಂದೆ. "ಶಿಷ್ಯೆಯಂತೆ! ಅರವತ್ತು ದಾಟಿದ ಶಿಷ್ಯೆ! ನಂಗೇನು ಕಿವಿಗೆ ಹೂ ಇಡ್ತೀಯಾ?" ಎಂದಳು. ಎಂಬತ್ತು ಸಮೀಪಿಸಿದವರ ಬಾಯಿಗೆ ಯಾರು ಅಡ್ಡ ಹಾಕುತ್ತಾರೆ?

ಈ ಪತ್ರದ ಸಾಲುಗಳು ಓರೆಯಾಗಿದ್ದರೆ ಮೇಜಿನ ತಪ್ಪು.

ಕಿತಾಜುಮೆ

*

ಒತಾರು, ೧೪ ನವೆಂಬರ್ ೧೯೯೬

ಹಿಸಾನೊ ಅವರಿಗೆ,

ಹಿಮ ಬೀಳಲು ಶುರುವಾಗಿದೆ. ಇಲ್ಲಿನ ಪರಿಸ್ಥಿತಿ ಬದಲಾಗಿದೆ, ಅದನ್ನೆಲ್ಲ ಬರೆಯುವ ಮನಸ್ಸಿಲ್ಲ. ಇನ್ನು ಮುಂದೆ ನಿಮ್ಮ ವಾಕ್ಯಗಳನ್ನು ತಿದ್ದಲು ನನ್ನಿಂದ ಆಗುವುದಿಲ್ಲ. ಪತ್ರವನ್ನೂ ನಿರೀಕ್ಷಿಸಬೇಡಿ. ಬೇರೆ ಯಾರಾದರೂ ಒಳ್ಳೆಯ ಮೇಷ್ಟ್ರು ಸಿಕ್ಕರೆ ಪಾಠ ಮುಂದುವರಿಸಿ.

ಪೆಟ್ಟಿಗೆಯ ಕೀಲಿ ಇದರ ಜೊತೆ ಇದೆ. ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಕ್ಷಮೆಯಿರಲಿ. ಅದರಿಂದ ನಿಮಗೆ ತೊಂದರೆಯಾಯಿತು. ಚಪ್ಪಲಿಯನ್ನು ಯಾರಿಗಾದರೂ ಕೊಟ್ಟುಬಿಡಿ.

ಇಷ್ಟು ವರ್ಷದ ಬುಧವಾರಗಳಿಗೆ ಕೃತಜ್ಞ. ಆರೋಗ್ಯ ನೋಡಿಕೊಳ್ಳಿ.

ಕಿತಾಜುಮೆ

*

ಒನೊಮಿಚಿ, ೧ ಡಿಸೆಂಬರ್ ೧೯೯೬
(ಅಂಚೆ ಕಾರ್ಡು)

ಶ್ರೀ ಕಿತಾಜುಮೆ ಯಾಸುಹಿರೊ ಅವರ ಸನ್ನಿಧಿಗೆ,

ಚಳಿಗಾಲ ಆರಂಭವಾಗಿದೆ, ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಪತ್ರ ತಲುಪಿತು. ಕೀಲಿಯೂ ತಲುಪಿತು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕೆಂಪು ಶಾಯಿ. ಕೆಂಪಿನಲ್ಲಿ ಪತ್ರ ಬರೆದರೆ ಋಣ ಹರಿಯಿತೆಂದು ಅರ್ಥ ಎನ್ನುವುದು ಸ್ನಾನದ ಮನೆಯವಳಿಗೂ ಗೊತ್ತು. ಜನ್ಮವೆಲ್ಲ ಪಾಠ ಹೇಳಿದ ತಮಗೆ ಗೊತ್ತಿಲ್ಲದೆ ಇರುತ್ತದೆಯೇ? ಕಾರಣ ಕೇಳುವುದಿಲ್ಲ. ಹೊಸ ವರ್ಷದ ಕಾರ್ಡು ಕಳಿಸಿ ತೊಂದರೆ ಕೊಡುವುದೂ ಇಲ್ಲ.

ಕುವಾದಾ ಹಿಸಾನೊ

*

ಒತಾರು, ೨೬ ಫೆಬ್ರವರಿ ೧೯೯೭

ಹಿಸಾನೊ ಅವರೇ,

ಅಯ್ಯೋ ನನ್ನ ಹಣೆಬರಹವೇ! ಹೂವೂ ಇಲ್ಲ, ಹಿಮವೂ ಇಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಡಿಸೆಂಬರಿನ ಕಾರ್ಡನ್ನು ನಾನು ಓದಿದ್ದು ಇವತ್ತು ಬೆಳಿಗ್ಗೆ.

ನನ್ನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಊರು ಬಿಡುವಾಗಲೇ ಮಸುಕು ಮಸುಕಾಗಿತ್ತು, ನಿಮಗೆ ಹೇಳಲಿಲ್ಲ. ಅಕ್ಕನನ್ನು ನೋಡಿಕೊಳ್ಳಲು ಬಂದವನಿಗೆ ಅಕ್ಕನೇ ಪತ್ರ ಓದುತ್ತಿದ್ದಳು, ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದಳು. ನಿಮ್ಮ ವಾಕ್ಯದ ಯಾವ ಪದಕ್ಕೆ ಗೆರೆ ಹಾಕಬೇಕೋ ಅಲ್ಲಿ ನನ್ನ ಕೈ ಹಿಡಿದು ಇಡುತ್ತಿದ್ದವಳೂ ಅವಳೇ. ಅಕ್ಟೋಬರ್ ಕೊನೆಯಲ್ಲಿ ಅಕ್ಕ ಹೋದಳು. ಸಾವಿನ ಸುದ್ದಿಯ ಕಾರ್ಡುಗಳನ್ನು ಕೂಡ ನನ್ನಿಂದ ಯಾರಿಗೂ ಕಳಿಸಲಾಗಲಿಲ್ಲ. ನಿಮಗೊಬ್ಬರಿಗಾದರೂ ನನ್ನ ಕೈಯಾರೆ ಬರೆಯೋಣವೆಂದು ಕೂತೆ. ಬರೆಯಲು ಹೋದರೆ ಅಕ್ಕ ಹೋದಳು ಎನ್ನುವ ಮಾತೇ ಬರಲಿಲ್ಲ. ಕುರುಡನಾಗುತ್ತಿದ್ದೇನೆ ಎನ್ನುವುದೂ ಬರಲಿಲ್ಲ. ಬಂದದ್ದು ಆ ಒಣ ಸಾಲುಗಳು. ವಿಳಾಸವನ್ನು ಅಂಚೆಕಚೇರಿಯ ಹುಡುಗಿ ಬರೆದುಕೊಟ್ಟಳು.

ಪೆನ್ನು ಎರಡೂ ಒಂದೇ ಬಗೆಯವು ಎಂದಿದ್ದೆನಲ್ಲ. ಈ ತಿಂಗಳು ಬಲಗಣ್ಣಿನ ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ಮೊದಲು ಓದಿದ್ದು ನಿಮ್ಮ ಕಾರ್ಡು. ಕೆಂಪು? ಎಂಥ ಕೆಂಪು? ಮೇಜಿನ ಮೇಲಿದ್ದ ಪೆನ್ನು ತೆಗೆದು ಗೀಚಿ ನೋಡಿದೆ. ಕೆಂಪೇ. ಇಡೀ ಚಳಿಗಾಲ ನಾನು ವಿದ್ಯುತ್ ಇಲಾಖೆಗೆ, ಪುರೋಹಿತರಿಗೆ, ಎಲ್ಲರಿಗೂ ಅದರಲ್ಲೇ ಬರೆದಿದ್ದೇನೆ. ಪುರೋಹಿತರು ಮುಖ ತಿರುಗಿಸಿಕೊಂಡು ಓಡಾಡುವುದು ಯಾಕೆಂದು ಈಗ ಗೊತ್ತಾಯಿತು!

ಕೀಲಿ ಕಳಿಸಿದ್ದು ನೀವು ಕೇಳಿದಿರಿ ಎಂದು. ತಮಾಷೆಗೆ ಕೇಳಿದಿರಿ ಎನ್ನುವುದು ಅಕ್ಕನಿದ್ದಿದ್ದರೆ ಅವಳ ದನಿಯಲ್ಲೇ ತಿಳಿಯುತ್ತಿತ್ತು. ಅವಳ ನಗು ಇಲ್ಲದೆ ನಿಮ್ಮ ಮಾತು ನೆನೆದುಕೊಂಡರೆ ಬರೀ ದೂರಿನ ಹಾಗೆ ಕೇಳಿಸಿತು.

ಋಣ ಹರಿದಿಲ್ಲ. ನಾನಾಗಿ ಹರಿದುಕೊಂಡೂ ಇಲ್ಲ. ಮಾರ್ಚ್ ೨೫ಕ್ಕೆ ಎಡಗಣ್ಣಿನ ಸರದಿ. ಅದು ಮುಗಿದು, ಏಪ್ರಿಲ್ ಕೊನೆಗೆ ಬರುತ್ತೇನೆ. ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಕೂತು ಗೋಡೆಯ ಮೇಲಿನ ಫುಜಿ ಬೆಟ್ಟದ ಚಿತ್ರವನ್ನು ಸರಿಯಾಗಿ ನೋಡಬೇಕು. ಅದರ ಬಣ್ಣ ನಿಜವಾಗಿ ಏನೆಂದು ಮರೆತೇ ಹೋಗಿದೆ.

ಕಿತಾಜುಮೆ ಯಾಸುಹಿರೊ

*

ಒನೊಮಿಚಿ, ೫ ಮಾರ್ಚ್ ೧೯೯೭

ಮೇಷ್ಟ್ರೇ,

ನಿಮ್ಮ ಪತ್ರವನ್ನು ತೊಟ್ಟಿಯ ಅಂಚಿನಲ್ಲೇ ಕೂತು ಓದಿದೆ. ಪುರೋಹಿತರ ಜಾಗಕ್ಕೆ ಬಂದಾಗ ನಗು ಬಂತು, ಅಕ್ಕನ ಜಾಗಕ್ಕೆ ಬಂದಾಗ ಅಳು ಬಂತು. ಎರಡೂ ಒಟ್ಟಿಗೆ ಬಂದದ್ದನ್ನು ಕಂಡು ಶಿಮೊಮುರಾ ಗಾಬರಿಯಾಗಿ ತಣ್ಣೀರು ತಂದುಕೊಟ್ಟ. ಇಸೊ ಅಕ್ಕನವರನ್ನು ನಾನು ಒಮ್ಮೆಯೂ ನೋಡಲಿಲ್ಲ. ನನ್ನ ಪತ್ರಕ್ಕೆ ಅಷ್ಟು ಚೆನ್ನಾಗಿ ನಕ್ಕವರು ಬೇರೆ ಯಾರೂ ಇರಲಿಲ್ಲ. ಅವರ ಹೆಸರಿನಲ್ಲಿ ಧೂಪ ಹಚ್ಚಿದ್ದೇನೆ.

ಇನ್ನು ಬೈಗುಳ. ಕಣ್ಣು ಕಾಣಿಸುತ್ತಿಲ್ಲ ಎಂದು ಒಂದು ಮಾತು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಾಲ್ಕು ವರ್ಷ ನಿಮ್ಮ ಬೆನ್ನು ಉಜ್ಜುವ ಬ್ರಷ್ ಕೂಡ ನಾನೇ ತೆಗೆದಿಟ್ಟಿದ್ದೇನೆ, ಇಷ್ಟು ಹೇಳಲು ನಾಚಿಕೆಯೇ? ನಾನಂತೂ ಆ ಕೆಂಪು ಪತ್ರವನ್ನು ಯಾರಿಗೂ ತೋರಿಸದೆ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, "ಮೇಷ್ಟ್ರು ಬಿಜಿ" ಎಂದು ಎಲ್ಲರಿಗೂ ಸುಳ್ಳು ಹೇಳುತ್ತ ಚಳಿಗಾಲ ಕಳೆದೆ. ಚಳಿಗಾಲದ ಸ್ನಾನಕ್ಕೆ ಯುಜು ಹಣ್ಣು ತೇಲಿಬಿಡುವ ದಿನ ಒಂದೊಂದು ಹಣ್ಣಿಗೂ ನಿಮ್ಮನ್ನು ಬೈದಿದ್ದೇನೆ.

ಈಗ ನಾನು ಮುಚ್ಚಿಟ್ಟದ್ದು. ಎರಡನೇ ತೊಟ್ಟಿಯ ಆ ವಾಕ್ಯ ಎರಡನೇ ತೊಟ್ಟಿಯದಾಗಿರಲಿಲ್ಲ, ಮೇಷ್ಟ್ರೇ. ಕಾರು ನಿಲ್ಲಿಸುವ ಜಾಗಕ್ಕೆ ಕೇಳಿದವರು ಜುಲೈಯಲ್ಲೇ ಬಂದಿದ್ದರು. ನೇರವಾಗಿ ಬರೆಯಲು ಬಾಯಿ ಬರಲಿಲ್ಲ. ಸುಮ್ಮನೆ ಅಂದುಕೊಂಡ ಹಾಗೆ ಬರೆದರೆ ನಿಮಗೆ ಗೊತ್ತಾಗುತ್ತದೆ, ಓಡಿ ಬರುತ್ತೀರಿ ಎಂದುಕೊಂಡೆ. ನೀವು ಶಹಬ್ಬಾಸ್ ಎಂದಿರಿ! ಆದರೂ ಮಾರಾಟದ ಪತ್ರಕ್ಕೆ ಸಹಿ ಹಾಕದೆ ಕಾದೆ. ಕೀಲಿ ಬಂದ ದಿನ ಹಾಕಿದೆ.

ಶಿಮೊಮುರಾಗೆ ಇವತ್ತು ಎಲ್ಲ ಹೇಳಿದೆ. "ಅಯ್ಯಯ್ಯೋ, ಮೇಷ್ಟ್ರು ಕಪ್ಪಲ್ಲಿ ಬರೆದಿದ್ರೆ ನೀನು ಸಹಿ ಹಾಕ್ತಿರ್ಲಿಲ್ವಲ್ಲೇ!" ಎಂದ. ನೋಡಿ, ಹಕ್ಕಿಯಾಗಲು ಒಪ್ಪದ ಮನುಷ್ಯ ನೆಟ್ಟಗೆ ಮೂರನೇ ತೊಟ್ಟಿಗೆ ಹಾರಿದ. "ಅತ್ತೆಗೆ ಮೀಸೆ ಬಂದಿದ್ರೆ ಚಿಕ್ಕಪ್ಪ ಅಂತಿದ್ವಿ, ಸುಮ್ನಿರಯ್ಯ" ಎಂದೆ ನಾನು. ಓಕಾಜಿ ನನ್ನ ಭುಜ ತಟ್ಟಿದ.

ಹೊಗೆಕೊಳವೆ ಬಿರುಕು ಬಿಟ್ಟಿದೆ, ಸೂರು ಸೋರುತ್ತದೆ, ನನ್ನ ಮಂಡಿ ಸೌದೆ ಎತ್ತಲು ಬಿಡುವುದಿಲ್ಲ. ಇವತ್ತಲ್ಲ ನಾಳೆ ಮುಚ್ಚಲೇಬೇಕಿತ್ತು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ, ನೀವೂ ಕಟ್ಟಿಕೊಳ್ಳಬೇಡಿ. ಆದರೆ ಮಾರ್ಚ್ ೩೧ಕ್ಕೆ ಒಲೆ ಆರುತ್ತದೆ. ಏಪ್ರಿಲ್ ಕೊನೆಗೆ ಬಂದರೆ ನಿಮಗೆ ಸಿಗುವುದು ಬಿಳಿ ಗೆರೆ ಎಳೆದ ಡಾಂಬರು. ಫುಜಿ ಬೆಟ್ಟ ಇರುವುದಿಲ್ಲ.

೨೬ನೇ ತಾರೀಕು ಕೊನೆಯ ಬುಧವಾರ. ಜನ್ಮದಲ್ಲಿ ಮೊದಲ ಸಲ ರಜೆಯ ದಿನ ಒಲೆ ಹಚ್ಚುತ್ತೇನೆ, ನಮ್ಮ ತರಗತಿಗೆ ಮಾತ್ರ. ನಿಮ್ಮ ಆಪರೇಷನ್ ಅದರ ಹಿಂದಿನ ದಿನ. ಅದನ್ನು ಬಿಟ್ಟು ಬನ್ನಿ ಎನ್ನಲು ನಾನು ಯಾರು? ಕಣ್ಣು ದೊಡ್ಡದು. ಹಾಗಂತ ನನಗೆ ಬೇಕಾದದ್ದನ್ನು ಇನ್ನೊಂದು ಸಲ ವಾಕ್ಯದೊಳಗೆ ಬಚ್ಚಿಡುವುದಿಲ್ಲ: ನೀವು ಬರಬೇಕು. ನನಗೆ ನಿಮ್ಮನ್ನು ನೋಡಬೇಕು.

ಕೀಲಿ ಇದರಲ್ಲಿ ಇಟ್ಟಿದ್ದೇನೆ. ನಿಮ್ಮ ಪೆಟ್ಟಿಗೆಯನ್ನು ನಾನು ತೆರೆದಿಲ್ಲ. ಚಪ್ಪಲಿ ಅಲ್ಲೇ ಇದೆ.

ಹಿಸಾನೊ

*

ಒತಾರು ರೈಲ್ವೆ ನಿಲ್ದಾಣ, ೨೨ ಮಾರ್ಚ್ ೧೯೯೭
(ಅಂಚೆ ಕಾರ್ಡು, ತುರ್ತು)

ಹಿಸಾನೊ ಅವರೇ,

ಟಿಕೆಟ್ ಕೊಟ್ಟ ಹೆಂಗಸಿಗೆ ಪೆನ್ನು ತೋರಿಸಿ ಕೇಳಿದೆ, "ಇದು ಯಾವ ಬಣ್ಣ ಕಣಮ್ಮ?" "ಕಪ್ಪು, ತಾತ. ಯಾಕೆ, ಕಾಣ್ಸಲ್ವಾ?" ಎಂದಳು. ಕಾಣಿಸುತ್ತದೆ. ಆದರೂ ಸಾಕ್ಷಿ ಇರಲಿ ಎಂದು ಕೇಳಿದೆ.

ಡಾಕ್ಟರು ಕೂಗಾಡಿದರು. ಈ ದಿನ ತಪ್ಪಿದರೆ ಎಡಗಣ್ಣಿಗೆ ಶರತ್ಕಾಲದವರೆಗೆ ಕಾಯಬೇಕಂತೆ. ಕಾಯುತ್ತದೆ ಬಿಡಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಕಾಮೆ-ಯು ಕಾಯುವುದಿಲ್ಲ. ನನ್ನನ್ನು ಬೆಟ್ಟಕ್ಕೆ ಎದುರಾಗಿ ಕೂರಿಸಿ, ಎಡಗಡೆ ಬರೀ ಮಂಜು.

ಹೋದ ಏಪ್ರಿಲ್‌ನಲ್ಲಿ ನೀವು ಕಳಿಸಿದ ವಾಕ್ಯವನ್ನು ತಿದ್ದಿದೆ, ಉತ್ತರ ಕೊಡಲಿಲ್ಲ. ಅಕ್ಕ ಆಗಲೇ ಬೈದಿದ್ದಳು: "ಅವ್ಳು ಕೇಳಿದ್ದು ವ್ಯಾಕರಣ ಅಲ್ಲ ಕಣೋ, ಪೆದ್ದ." ಉತ್ತರ ಇದು, ಇದರಲ್ಲಿ ‘ಇಫ್’ ಇಲ್ಲ. ಬುಧವಾರ ಮಧ್ಯಾಹ್ನ ಬರುತ್ತೇನೆ. ವಾಪಸು ಟಿಕೆಟ್ ತೆಗೆದುಕೊಂಡಿಲ್ಲ.

ನೀರು ಕಾಯಿಸಿ. ಕೀಲಿ ನನ್ನ ಜೇಬಿನಲ್ಲಿದೆ.

ಯಾಸುಹಿರೊ